ಪೆಟ್ ಸ್ಕ್ಯಾನ್: ಇಳಿಸಬಹುದಾದ ಡೋಸ್ ಇಳಿಸದೆ ಬಿಟ್ಟರೆ

2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಡಾ. ಸಂಪತ್‌ಕುಮಾರ್ ಶಿವಣಗಿ ಕ್ಯಾನ್ಸರ್ ಆಸ್ಪತ್ರೆಯನ್ನು ಉದ್ಘಾಟಿಸಿದರು. ಗಡಿ ಜಿಲ್ಲೆಯ ಪಾಲಿಗೆ ಇದು ಸಣ್ಣ ಸಂಗತಿಯಲ್ಲ. ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದರೆ ಮುಂಬಯಿಗೋ ಬೆಂಗಳೂರಿಗೋ ರೈಲು ಹತ್ತಬೇಕಾದ ಕಾಲವಿತ್ತು. ಈಗ ತಾಲ್ಲೂಕು ಕೇಂದ್ರದಿಂದ 26 ಕಿಲೋಮೀಟರ್ ದೂರದ ಬೆಳಗಾವಿಯಲ್ಲೇ ಆ ಚಿಕಿತ್ಸೆಯ ಬಹುಪಾಲು ಸಿಗುತ್ತದೆ. ಮಹಾನಗರಗಳಿಗೆ ಮೀಸಲಾಗಿದ್ದ ಪೆಟ್ ಸ್ಕ್ಯಾನ್ ಕೂಡ ಎರಡನೇ ಹಂತದ ನಗರಗಳ ಕಡೆ ಹರಡುತ್ತಿದೆ.

ಈ ಒಳ್ಳೆಯ ಬೆಳವಣಿಗೆಯ ಬೆನ್ನಿಗೇ ಒಂದು ಹಾನಿಯೂ ಬರುತ್ತಿದೆ. ಅದು ಇವತ್ತು ಕಣ್ಣಿಗೆ ಬೀಳುವುದಿಲ್ಲ. ವಿಕಿರಣದಿಂದ ಹುಟ್ಟುವ ಕ್ಯಾನ್ಸರ್ ಸಾಮಾನ್ಯವಾಗಿ ಹತ್ತು, ಇಪ್ಪತ್ತು, ಮೂವತ್ತು ವರ್ಷ ಕಳೆದ ಮೇಲೆ ತಲೆಯೆತ್ತುತ್ತದೆ. ಹಾಗೆ ತಲೆಯೆತ್ತಿದಾಗ ಯಾವ ಸ್ಕ್ಯಾನಿನಿಂದ ಬಂತು ಎಂದು ಬೆರಳು ಮಾಡಿ ತೋರಿಸಲು ಯಾರಿಂದಲೂ ಆಗದು. ರೋಗಿಗೆ ಕೊಡುವ ವಿಕಿರಣವನ್ನು ಚಿತ್ರ ಕೆಡದಂತೆ ಇಳಿಸುವ ದಾರಿಗಳು ವಿಜ್ಞಾನಕ್ಕೆ ಗೊತ್ತಿವೆ. ಅವನ್ನು ಬಳಸದೆ ಹಳೆಯ ರೂಢಿಯಲ್ಲೇ ಸ್ಕ್ಯಾನುಗಳ ಸಂಖ್ಯೆ ಏರಿಸುತ್ತ ಹೋದರೆ, ಇಂದು ಗುಣವಾಗುವ ಮಕ್ಕಳು ಮತ್ತು ಯುವಕರೇ ಮುಂದೆ ಅದರ ಬೆಲೆ ತೆರುತ್ತಾರೆ. ಇನ್ನೊಂದು ತಪ್ಪಿಗೂ ಅವಕಾಶವಿದೆ. ಪರೀಕ್ಷಿಸದ ತಂತ್ರಾಂಶವನ್ನು ನಂಬಿ ಡೋಸನ್ನು ಮಿತಿಮೀರಿ ಇಳಿಸಿದರೆ, ಇರುವ ಗಡ್ಡೆಯೇ ಚಿತ್ರದಲ್ಲಿ ಕಾಣದೆ ಹೋಗಬಹುದು. ಈ ಎರಡೂ ತಪ್ಪುಗಳ ನಡುವಿನ ದಾರಿಯನ್ನು ಈಗಲೇ, ವ್ಯವಸ್ಥೆ ಇನ್ನೂ ಹೊಸದಿರುವಾಗಲೇ, ಹಾಕಿಕೊಳ್ಳಬೇಕು.

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ತಜ್ಞ ವೈದ್ಯರು ಪೆಟ್ ಸ್ಕ್ಯಾನ್ ಬೇಕೆಂದು ಹೇಳಿದ ರೋಗಿ ಈ ಲೇಖನ ಓದಿ ಹಿಂಜರಿಯಬಾರದು. ಕ್ಯಾನ್ಸರ್ ಇರುವವರಿಗೆ ಅದರಿಂದಾಗುವ ಲಾಭ ವಿಕಿರಣದ ಅಪಾಯಕ್ಕಿಂತ ಎಷ್ಟೋ ಪಾಲು ದೊಡ್ಡದು. ನನ್ನ ತಕರಾರು ಬೇಡದ ಸ್ಕ್ಯಾನಿನ ಮೇಲೆ, ಮತ್ತು ಬೇಕಾದ ಸ್ಕ್ಯಾನಿನೊಳಗಿನ ಬೇಡದ ವಿಕಿರಣದ ಮೇಲೆ.

ಚಿತ್ರ ಹುಟ್ಟುವ ಬಗೆ

ಪೆಟ್ ಸ್ಕ್ಯಾನಿನಲ್ಲಿ ಕಿರಣ ಹೊರಗಿನ ಯಂತ್ರದಿಂದ ಬರುವುದಿಲ್ಲ, ರೋಗಿಯ ದೇಹದೊಳಗಿಂದ ಹೊರಡುತ್ತದೆ. ಗ್ಲೂಕೋಸಿನಂಥ ಒಂದು ಅಣುವಿಗೆ ವಿಕಿರಣಶೀಲ ಫ್ಲೋರಿನ್-18 ಜೋಡಿಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಎಫ್‌ಡಿಜಿ ಎಂಬ ಈ ಔಷಧವನ್ನು ಮನುಷ್ಯರಿಗೆ ಮೊದಲು ಕೊಟ್ಟದ್ದು 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ಹಸಿದ ಕ್ಯಾನ್ಸರ್ ಕೋಶಗಳು ಸಕ್ಕರೆಯೆಂದು ಅದನ್ನು ಹೀರಿಕೊಳ್ಳುತ್ತವೆ. ಸುಮಾರು ಒಂದು ತಾಸು ಕಾಯಿಸಿ ರೋಗಿಯನ್ನು ಯಂತ್ರದೊಳಗೆ ಮಲಗಿಸುತ್ತಾರೆ. ಫ್ಲೋರಿನ್-18 ಹೊರಬಿಡುವ ಪಾಸಿಟ್ರಾನ್ ಪಕ್ಕದ ಎಲೆಕ್ಟ್ರಾನನ್ನು ಸಂಧಿಸಿದೊಡನೆ ಎರಡೂ ಇಲ್ಲವಾಗಿ, 511 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕುಗಳಿಗೆ ಹಾರುತ್ತವೆ. ಸುತ್ತಲಿನ ಹರಳುಗಳು ಆ ಜೋಡಿಯನ್ನು ಏಕಕಾಲಕ್ಕೆ ಹಿಡಿದು ಎಣಿಸುತ್ತವೆ. ಇಂಥ ಕೋಟಿಗಟ್ಟಲೆ ಜೋಡಿಗಳ ಲೆಕ್ಕದಿಂದ ಚಿತ್ರ ಮೂಡುತ್ತದೆ.

ಆದ್ದರಿಂದ ಪೆಟ್ ಚಿತ್ರದ ಗುಣ ಎಣಿಕೆಯ ಮೇಲೆ ನಿಂತಿದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮಳೆ ಶುರುವಾಗುವಾಗ ಒಣ ಅಂಗಳದ ಮೇಲೆ ಬೀಳುವ ಮೊದಲ ಹನಿಗಳನ್ನು ನೋಡಿ: ಒಂದು ಕಡೆ ಮೂರು ಹನಿ, ಪಕ್ಕದಲ್ಲಿ ಒಂದೂ ಇಲ್ಲ. ಹನಿಗಳು ಸಾವಿರಗಟ್ಟಲೆ ಬಿದ್ದ ಮೇಲಷ್ಟೇ ಅಂಗಳದಲ್ಲಿ ಎಲ್ಲಿ ಮಾಡಿನ ಮರೆ ಇದೆ, ಎಲ್ಲಿ ಇಲ್ಲ ಎಂಬುದು ತಿಳಿಯುತ್ತದೆ. ವಿಕಿರಣದ ಎಣಿಕೆಗೂ ಇದೇ ನಿಯಮ. 10,000 ಎಣಿಕೆ ಸಿಕ್ಕರೆ ಏರುಪೇರು 1%. ಎಣಿಕೆ 2,500ಕ್ಕೆ ಇಳಿದರೆ ಏರುಪೇರು 2%. ಅಂದರೆ ಡೋಸ್ ಕಾಲುಭಾಗಕ್ಕೆ ಇಳಿದಾಗ ಚಿತ್ರದ ಕಾಳುಕಾಳು ಗದ್ದಲ ಇಮ್ಮಡಿಯಾಗುತ್ತದೆ. ಡೋಸ್ ಕಡಿಮೆ ಮಾಡಿ ಎಂದೊಡನೆ ವೈದ್ಯರು ಹಿಂದೆಗೆಯುವುದು ಇದಕ್ಕೇ. ಆ ಅಂಜಿಕೆ ನ್ಯಾಯವಾದದ್ದು. ಆದರೆ ಅದಕ್ಕೆ ಉತ್ತರವೂ ಇದೆ.

ಸಾಕ್ಷ್ಯ ಏನು ಹೇಳುತ್ತದೆ

ಬಹುಕಾಲದ ರೂಢಿಯಂತೆ ವಯಸ್ಕರಿಗೆ ಕೊಡುವ ಪ್ರಮಾಣ 10 ಮಿಲಿಕ್ಯೂರಿ, ಅಂದರೆ 370 ಮೆಗಾಬೆಕೆರೆಲ್. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಗುಣಾಂಕದ ಪ್ರಕಾರ ಇದರಿಂದ ಸರಾಸರಿ ದೇಹಕ್ಕೆ ತಗಲುವ ವಿಕಿರಣ ಸುಮಾರು 7 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶಗಳಿಂದ ಜಗತ್ತಿನ ಜನರಿಗೆ ಒಂದು ವರ್ಷದಲ್ಲಿ ಸಹಜವಾಗಿ ಸಿಗುವ ಸರಾಸರಿ ವಿಕಿರಣ 2.4 ಮಿಲಿಸೀವರ್ಟ್. ಅಂದರೆ ಒಂದು ಚುಚ್ಚುಮದ್ದು ಸುಮಾರು ಮೂರು ವರ್ಷಗಳ ಪಾಲಿಗೆ ಸಮ.

ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಇಂದಿನ ಪೆಟ್ ಯಂತ್ರಗಳಲ್ಲಿ ಸಿಟಿ ಸ್ಕ್ಯಾನ್ ಜೊತೆಗೇ ಇರುತ್ತದೆ. 2009ರಲ್ಲಿ ಹಾಂಗ್‌ಕಾಂಗ್‌ನ ಸಂಶೋಧಕರು ಪೂರ್ಣ ದೇಹದ ಪೆಟ್-ಸಿಟಿಯನ್ನು ಮೂರು ಬಗೆಯ ಸಿಟಿ ವಿಧಾನಗಳಲ್ಲಿ ಅಳೆದು ನೋಡಿದರು. ಒಟ್ಟು ವಿಕಿರಣ ಸುಮಾರು 13ರಿಂದ 32 ಮಿಲಿಸೀವರ್ಟ್ ಇತ್ತು. ಅದರಲ್ಲಿ 54%ರಿಂದ 81% ಪಾಲು ಸಿಟಿಯದು. ಯಂತ್ರ ಒಂದೇ, ರೋಗಿಯೂ ಒಬ್ಬನೇ. ಆಯ್ದ ವಿಧಾನ ಮಾತ್ರ ಬದಲಾದರೆ ವಿಕಿರಣ ಎರಡುಪಟ್ಟಿಗೂ ಮೀರಿ ಏರಬಲ್ಲದು. ನಮ್ಮ ದೇಶದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ವಿಕಿರಣದ ನಡುವೆ ದುಡಿಯುವ ನೌಕರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ ಹಾಕಿದೆ. ರೋಗಿಗೆ ಇಂಥ ಮಿತಿ ಇಲ್ಲ. ಚಿಕಿತ್ಸೆಯ ಅಗತ್ಯಕ್ಕೆ ಕಾನೂನು ಗೆರೆ ಎಳೆಯಬಾರದು ಎಂಬುದು ಅದರ ಹಿಂದಿನ ತರ್ಕ. ಗೆರೆ ಇಲ್ಲದಿರುವಾಗ ವೈದ್ಯರ ಹೊಣೆಯೇ ಗೆರೆಯಾಗಬೇಕು.

ಇಷ್ಟು ವಿಕಿರಣದಿಂದ ಹಾನಿ ಎಷ್ಟು? ಹಿರೋಶಿಮಾ, ನಾಗಾಸಾಕಿಯಲ್ಲಿ ಬದುಕುಳಿದವರ ದಶಕಗಳ ಅಧ್ಯಯನವನ್ನು ಆಧರಿಸಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ 2006ರಲ್ಲಿ ಒಂದು ಅಂದಾಜು ಕೊಟ್ಟಿತು: 100 ಮಿಲಿಸೀವರ್ಟ್ ಪಡೆದ ನೂರು ಜನರಲ್ಲಿ ಜೀವಮಾನದಲ್ಲಿ ಸುಮಾರು ಒಬ್ಬರಿಗೆ ಆ ಕಾರಣದಿಂದಲೇ ಕ್ಯಾನ್ಸರ್ ಬರಬಹುದು. ಅದೇ ನೂರು ಜನರಲ್ಲಿ 42 ಮಂದಿಗೆ ಬೇರೆ ಕಾರಣಗಳಿಂದ ಬರುತ್ತದೆ. ಒಬ್ಬ ವ್ಯಕ್ತಿಯ ಮಟ್ಟಿಗೆ ನೋಡಿದರೆ ಇದು ಸಣ್ಣ ಅಪಾಯ. ಲಕ್ಷಾಂತರ ಜನರಿಗೆ, ಒಬ್ಬೊಬ್ಬರಿಗೆ ಹಲವು ಸಲ, ಕೊಡುತ್ತ ಹೋದರೆ ಅದು ಸಣ್ಣದಾಗಿ ಉಳಿಯುವುದಿಲ್ಲ.

ಕಡಿಮೆ ಡೋಸ್‌ನ ಹಾನಿಯ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದೆ. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಕೇರಳದ ಕರುನಾಗಪಳ್ಳಿಯ ಕರಾವಳಿಯ ಮರಳಿನಲ್ಲಿ ಥೋರಿಯಂ ಇದ್ದು, ಅಲ್ಲಿನ ಸಹಜ ವಿಕಿರಣ ಬಹಳ ಹೆಚ್ಚು. ಅಲ್ಲಿನ ಸುಮಾರು 70,000 ಜನರನ್ನು ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾದಾಗ ಕ್ಯಾನ್ಸರ್ ಹೆಚ್ಚಿದ್ದು ಕಂಡಿರಲಿಲ್ಲ. ಆದರೆ ಆಮೇಲೆ ಬಂದ ದೊಡ್ಡ ಅಧ್ಯಯನಗಳು ನಿಶ್ಚಿಂತೆಗೆ ಎಡೆಗೊಡುವುದಿಲ್ಲ. ಫ್ರಾನ್ಸ್, ಬ್ರಿಟನ್ ಮತ್ತು ಅಮೆರಿಕದ 3,09,932 ಪರಮಾಣು ಕಾರ್ಮಿಕರ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ವರ್ಷಾನುಗಟ್ಟಲೆ ಸ್ವಲ್ಪಸ್ವಲ್ಪವೇ ಸೇರಿದ ವಿಕಿರಣದಿಂದಲೂ ಗಡ್ಡೆ ಕ್ಯಾನ್ಸರಿನ ಸಾವು ಹೆಚ್ಚಿದ್ದನ್ನು ಅದು ತೋರಿಸಿತು. ಅದೇ ವರ್ಷ ಯುರೋಪಿನ ಒಂಬತ್ತು ದೇಶಗಳ ಅಧ್ಯಯನವೂ ಬಂತು. 22 ವರ್ಷಕ್ಕೆ ಮುನ್ನ ಸಿಟಿ ಸ್ಕ್ಯಾನ್ ಮಾಡಿಸಿಕೊಂಡ ಸುಮಾರು 9,48,000 ಮಂದಿಯನ್ನು ಅದು ಹಿಂಬಾಲಿಸಿತ್ತು. ಇಂದಿನ ಸಾಮಾನ್ಯ ಡೋಸ್‌ನಲ್ಲಿ ಸ್ಕ್ಯಾನ್ ಆದ ಪ್ರತಿ 10,000 ಮಕ್ಕಳಲ್ಲಿ ಒಬ್ಬರು ಅಥವಾ ಇಬ್ಬರಿಗೆ ಮುಂದಿನ 12 ವರ್ಷಗಳಲ್ಲಿ ಅದೇ ಕಾರಣದಿಂದ ರಕ್ತದ ಕ್ಯಾನ್ಸರ್ ಬರಬಹುದೆಂದು ಅದು ಕಂಡುಕೊಂಡಿತು. 2025ರಲ್ಲಿ ಅಮೆರಿಕದ ಲೆಕ್ಕ ಹೊರಬಂತು: ಒಂದೇ ವರ್ಷ, 2023ರಲ್ಲಿ, ಅಲ್ಲಿ ನಡೆದ ಸುಮಾರು 9.3 ಕೋಟಿ ಸಿಟಿ ಸ್ಕ್ಯಾನುಗಳಿಂದ ಮುಂದೆ ಸುಮಾರು 1,03,000 ಕ್ಯಾನ್ಸರ್‌ಗಳು ಹುಟ್ಟಬಹುದು. ಇದು ಮಾದರಿಯ ಅಂದಾಜು, ಎಣಿಸಿದ ರೋಗಿಗಳಲ್ಲ. ಆದರೂ ಅದರ ದಿಕ್ಕನ್ನು ಕಡೆಗಣಿಸಲಾಗದು.

ಯಾರಿಗೆ ಹೆಚ್ಚು ಪೆಟ್ಟು

ವಿಕಿರಣದ ಅಪಾಯ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಎಪ್ಪತ್ತರ ಅಜ್ಜನಿಗೆ ಮೂವತ್ತು ವರ್ಷದ ನಂತರದ ಕ್ಯಾನ್ಸರ್ ದೊಡ್ಡ ಪ್ರಶ್ನೆಯಲ್ಲ. ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ಬಂದ ಹನ್ನೆರಡರ ಹುಡುಗಿಗೆ ಅದೇ ದೊಡ್ಡ ಪ್ರಶ್ನೆ. ಆ ರೋಗದ ಬಹುಪಾಲು ಮಕ್ಕಳು ಇಂದು ಗುಣವಾಗುತ್ತಾರೆ. ಚಿಕಿತ್ಸೆಯ ಮೊದಲು, ನಡುವೆ, ಕೊನೆಗೆ ಎಂದು ಅವರಿಗೆ ಹಲವು ಪೆಟ್ ಸ್ಕ್ಯಾನ್ ಆಗುತ್ತವೆ. ಗುಣವಾಗಿ ಐವತ್ತು, ಅರವತ್ತು ವರ್ಷ ಬಾಳಬೇಕಾದ ದೇಹವದು.

ಮಕ್ಕಳ ಮೈ ಸಣ್ಣದಿರುವುದರಿಂದ ಅದೇ ಔಷಧ ಅವರ ಅಂಗಾಂಗಗಳ ಮೇಲೆ ಹೆಚ್ಚು ಒತ್ತುತ್ತದೆ. ಪ್ರತಿ ಮೆಗಾಬೆಕೆರೆಲ್ ಎಫ್‌ಡಿಜಿಗೆ ವಯಸ್ಕರಿಗೆ 0.019 ಮಿಲಿಸೀವರ್ಟ್ ಆದರೆ, ಹತ್ತರ ಮಗುವಿಗೆ 0.037, ಐದರ ಮಗುವಿಗೆ 0.056. ಹದಿನೆಂಟು ಕಿಲೋ ತೂಗುವ ಐದು ವರ್ಷದ ಮಗುವಿಗೆ ದೊಡ್ಡವರ ಅರ್ಧ ಕೊಟ್ಟರೆ ಸಾಕೆಂದು ಯಾರಾದರೂ 185 ಮೆಗಾಬೆಕೆರೆಲ್ ಚುಚ್ಚಿದರು ಎನ್ನೋಣ. ಆ ಮಗುವಿಗೆ ತಗಲುವುದು 10 ಮಿಲಿಸೀವರ್ಟ್‌ಗೂ ಹೆಚ್ಚು, ಪೂರ್ಣ ಡೋಸ್ ಪಡೆದ ವಯಸ್ಕನಿಗಿಂತ ಹೆಚ್ಚು. ಮಕ್ಕಳಿಗಾಗಿ ಒಪ್ಪಿತವಾದ ಕಿಲೋಗೆ 3.7 ಮೆಗಾಬೆಕೆರೆಲ್ ಲೆಕ್ಕ ಹಿಡಿದರೆ ಅದು 4 ಮಿಲಿಸೀವರ್ಟ್‌ಗಿಂತ ಕೆಳಗಿಳಿಯುತ್ತದೆ. ಇದಕ್ಕೆ ಬೇಕಾದದ್ದು ಒಂದು ತೂಕದ ಯಂತ್ರ ಮತ್ತು ಒಂದು ಗುಣಾಕಾರ.

ಮರುಕಳಿಸುವ ಸ್ಕ್ಯಾನುಗಳ ಲೆಕ್ಕವೂ ಎಚ್ಚರಿಸುವಂಥದ್ದು. 324 ಆಸ್ಪತ್ರೆಗಳ 25 ಲಕ್ಷ ರೋಗಿಗಳ ಸಿಟಿ ದಾಖಲೆ ನೋಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1.33% ಜನರಿಗೆ ಕೆಲವೇ ವರ್ಷಗಳೊಳಗೆ 100 ಮಿಲಿಸೀವರ್ಟ್ ಅಥವಾ ಅದಕ್ಕೂ ಮಿಗಿಲು ಸೇರಿತ್ತು. ಅವರಲ್ಲಿ ಸುಮಾರು ಐದರಲ್ಲೊಬ್ಬರು ಐವತ್ತು ದಾಟಿದವರಲ್ಲ. ಖಾನಾಪುರದ ರೋಗಿಯ ಸ್ಥಿತಿ ಇಲ್ಲಿ ಇನ್ನೂ ನಾಜೂಕು. ಮೊದಲ ಸ್ಕ್ಯಾನ್ ಬೆಳಗಾವಿಯಲ್ಲಿ, ಎರಡನೇ ಅಭಿಪ್ರಾಯ ಹುಬ್ಬಳ್ಳಿಯಲ್ಲಿ, ಚಿಕಿತ್ಸೆ ಗೋವೆಯಲ್ಲೋ ಮುಂಬಯಿಯಲ್ಲೋ. ಕನ್ನಡ, ಮರಾಠಿ, ಕೊಂಕಣಿ ಬೆರೆತ ಈ ಗಡಿಸೀಮೆಯಲ್ಲಿ ರೋಗಿ ಮೂರು ರಾಜ್ಯಗಳ ಆಸ್ಪತ್ರೆಗಳ ನಡುವೆ ಓಡಾಡುತ್ತಾನೆ, ಅವನ ದಾಖಲೆ ಅವನೊಂದಿಗೆ ಓಡಾಡುವುದಿಲ್ಲ. ಹಳೆಯ ಸಿ.ಡಿ. ಸಿಗದಿದ್ದರೆ ಅಥವಾ ತೆರೆಯದಿದ್ದರೆ ಮತ್ತೆ ಸ್ಕ್ಯಾನ್.

ಚಿತ್ರ ಕೆಡದಂತೆ ಇಳಿಸುವ ದಾರಿ

ಮೊದಲ ದಾರಿಗೆ ಖರ್ಚೇ ಇಲ್ಲ. ಯುರೋಪಿನ ನ್ಯೂಕ್ಲಿಯರ್ ಮೆಡಿಸಿನ್ ಸಂಘ 2015ರ ಮಾರ್ಗಸೂಚಿಯಲ್ಲಿ ಡೋಸನ್ನು ತೂಕಕ್ಕೂ ಸ್ಕ್ಯಾನಿನ ಅವಧಿಗೂ ಕಟ್ಟಿಹಾಕಿದೆ. ಯಂತ್ರದ ಮಂಚ ಪ್ರತಿ ಹಂತದಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ ಎಂಬುದನ್ನು ನೋಡಿ, 14ನ್ನು ರೋಗಿಯ ತೂಕದಿಂದ ಗುಣಿಸಿ ಆ ನಿಮಿಷಗಳಿಂದ ಭಾಗಿಸಬೇಕು. 45 ಕಿಲೋ ತೂಗುವ ಹೆಣ್ಣುಮಗಳಿಗೆ ಮೂರು ನಿಮಿಷದ ಹಂತಗಳಲ್ಲಿ 210 ಮೆಗಾಬೆಕೆರೆಲ್ ಸಾಕು. ಎಲ್ಲರಿಗೂ 370 ಎಂಬ ರೂಢಿ ಹಿಡಿದರೆ ಅವಳಿಗೆ 7 ಮಿಲಿಸೀವರ್ಟ್, ತೂಕದ ಲೆಕ್ಕ ಹಿಡಿದರೆ 4. ಹಂತಗಳು ಒಂದರ ಮೇಲೊಂದು ಹೆಚ್ಚು ಚಾಚುವ ಯಂತ್ರಗಳಲ್ಲಿ 14ರ ಬದಲು 7 ಸಾಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ.

ಈ ಸೂತ್ರದಲ್ಲಿ ಒಂದು ಕಟು ಸತ್ಯ ಅಡಗಿದೆ. ಡೋಸ್ ಮತ್ತು ಸಮಯ ಒಂದನ್ನೊಂದು ತೂಗುತ್ತವೆ. ದಿನಕ್ಕೆ ಹೆಚ್ಚು ರೋಗಿಗಳನ್ನು ಮುಗಿಸುವ ಅವಸರದಲ್ಲಿ ಪ್ರತಿ ಹಂತದ ನಿಮಿಷ ಕಡಿತಗೊಳಿಸಿದರೆ, ಚಿತ್ರ ಉಳಿಸಲು ಡೋಸ್ ಏರಿಸಬೇಕಾಗುತ್ತದೆ. ಕೇಂದ್ರದ ಅವಸರದ ಬೆಲೆಯನ್ನು ರೋಗಿಯ ಮೈ ಕೊಡುತ್ತದೆ.

ಡೋಸ್ ಇಳಿಸಿದಾಗ ಚಿತ್ರಕ್ಕೆ ಒಂದು ಲಾಭವೂ ಇದೆ. ಎರಡು ಬೇರೆ ಬೇರೆ ಜೋಡಿಗಳ ಕಿರಣಗಳು ಕಾಕತಾಳೀಯವಾಗಿ ಒಟ್ಟಿಗೆ ಬಂದು ಸುಳ್ಳು ಜೋಡಿಯಾಗಿ ಎಣಿಕೆಯಾಗುವುದುಂಟು. ಡೋಸ್ ಅರ್ಧವಾದರೆ ನಿಜವಾದ ಜೋಡಿಗಳು ಅರ್ಧವಾಗುತ್ತವೆ, ಸುಳ್ಳು ಜೋಡಿಗಳು ಕಾಲುಭಾಗಕ್ಕೆ ಇಳಿಯುತ್ತವೆ. ಹಾಗಾಗಿ ಚಿತ್ರ ಡೋಸ್ ಇಳಿದಷ್ಟೇ ಪ್ರಮಾಣದಲ್ಲಿ ಕೆಡುವುದಿಲ್ಲ.

ಎರಡನೇ ದಾರಿ ಯಂತ್ರದ್ದು. ಜೋಡಿ ಕಿರಣಗಳಲ್ಲಿ ಯಾವುದು ಎಷ್ಟು ಮುಂಚೆ ಬಂತೆಂದು ಅಳೆದರೆ ಅವು ಹೊರಟ ಜಾಗ ಅಂದಾಜಾಗುತ್ತದೆ. ಸೆಕೆಂಡಿನ ಲಕ್ಷಕೋಟಿ ಭಾಗಗಳಲ್ಲಿ 600 ಭಾಗದಷ್ಟು ಸೂಕ್ಷ್ಮವಾಗಿ ಅಳೆಯುವ ಯಂತ್ರ ಆ ಜಾಗವನ್ನು 9 ಸೆಂಟಿಮೀಟರ್‌ನೊಳಗೆ ಹೇಳುತ್ತದೆ. ಇತ್ತೀಚಿನ ಡಿಜಿಟಲ್ ಯಂತ್ರಗಳು 214 ಭಾಗದಷ್ಟು ಸೂಕ್ಷ್ಮಕ್ಕೆ ಇಳಿದು ಅದನ್ನು ಸುಮಾರು 3 ಸೆಂಟಿಮೀಟರ್‌ಗೆ ತಂದಿವೆ. ಇದರಿಂದ ಅದೇ ಎಣಿಕೆಯಲ್ಲಿ ಚಿತ್ರ ತಿಳಿಯಾಗುತ್ತದೆ, ಡೋಸ್ ಇಳಿಸಲು ಎಡೆ ಸಿಗುತ್ತದೆ.

ಮೂರನೆಯದು ಉದ್ದದ ದಾರಿ. ಸಾಮಾನ್ಯ ಯಂತ್ರದ ಹರಳಿನ ಬಳೆಯ ಉದ್ದ 15ರಿಂದ 26 ಸೆಂಟಿಮೀಟರ್. ಇಡೀ ದೇಹದಿಂದ ಹೊರಡುವ ಕಿರಣಗಳಲ್ಲಿ 1%ಕ್ಕಿಂತ ಕಡಿಮೆ ಅದರ ಕೈಗೆ ಸಿಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸೈಮನ್ ಚೆರಿ ಮತ್ತು ರಾಮ್ಸೆ ಬಾದಾವಿ ಮುನ್ನಡೆಸಿದ ತಂಡ 194 ಸೆಂಟಿಮೀಟರ್ ಉದ್ದದ ‘ಎಕ್ಸ್‌ಪ್ಲೋರರ್’ ಯಂತ್ರ ರೂಪಿಸಿ, 2018ರಲ್ಲಿ ಮನುಷ್ಯರ ಮೊದಲ ಚಿತ್ರಗಳನ್ನು ತೋರಿಸಿತು. ತಲೆಯಿಂದ ಪಾದದವರೆಗೆ ಒಮ್ಮೆಗೇ ಹಿಡಿಯುವ ಈ ಯಂತ್ರದ ಸೂಕ್ಷ್ಮತೆ ಪೂರ್ಣ ದೇಹದ ಸ್ಕ್ಯಾನಿನಲ್ಲಿ ಸುಮಾರು 40 ಪಟ್ಟು ಹೆಚ್ಚು. ಹತ್ತನೇ ಒಂದು ಭಾಗದ ಡೋಸ್‌ನಲ್ಲೂ ಅದು ಉಪಯುಕ್ತ ಚಿತ್ರ ಕೊಡಬಲ್ಲದು. ಅದರ ಬೆಲೆ ಮಾತ್ರ ಜಿಲ್ಲಾ ನಗರಗಳ ಕೈಗೆಟಕುವಂಥದ್ದಲ್ಲ. ಪೋಲೆಂಡಿನ ಕ್ರಾಕೋವ್‌ನಲ್ಲಿ ಪಾವೆಲ್ ಮೊಸ್ಕಾಲ್ ತಂಡ ದುಬಾರಿ ಹರಳಿನ ಬದಲು ಪ್ಲಾಸ್ಟಿಕ್ ಪಟ್ಟಿಗಳಿಂದ ಉದ್ದದ ಯಂತ್ರ ಕಟ್ಟುವ ಕೆಲಸದಲ್ಲಿದೆ. ನಮ್ಮಂಥ ಊರುಗಳು ಕಣ್ಣಿಡಬೇಕಾದ ಕೆಲಸ ಅದು.

ಎರಡನೇ ಅಪಾಯ

ಯಂತ್ರ ಕೊಳ್ಳಲಾಗದವರ ಮುಂದೆ ಈಗ ಅಗ್ಗದ ದಾರಿಯೊಂದು ತೆರೆದಿದೆ: ಕೃತಕ ಬುದ್ಧಿಮತ್ತೆ. ಕಡಿಮೆ ಡೋಸ್‌ನ ಗದ್ದಲದ ಚಿತ್ರವನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಪೂರ್ಣ ಡೋಸ್‌ನ ಚಿತ್ರದಂತೆ ತಿದ್ದಿ ಕೊಡುತ್ತದೆ. 2017ರಲ್ಲಿ ಸ್ಟ್ಯಾನ್‌ಫೋರ್ಡ್ ಸಂಶೋಧಕರು ಕೆಲವೇ ರೋಗಿಗಳ ಮಿದುಳಿನ ಚಿತ್ರಗಳಲ್ಲಿ ಡೋಸನ್ನು 200ರಲ್ಲಿ ಒಂದು ಭಾಗಕ್ಕೆ ಇಳಿಸುವ ಪ್ರಯೋಗ ವರದಿ ಮಾಡಿದರು. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ ಮೊದಲ ವಾಣಿಜ್ಯ ತಂತ್ರಾಂಶಗಳಲ್ಲೊಂದಕ್ಕೆ ಅನುಮತಿ ಕೊಟ್ಟಿತು. 2022ರಲ್ಲಿ ಬರ್ನ್ ಮತ್ತು ಶಾಂಘೈನ ದತ್ತಾಂಶ ಬಳಸಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆ ನೂರರಲ್ಲಿ ಒಂದು ಭಾಗದ ಡೋಸ್‌ವರೆಗೂ ಸವಾಲೊಡ್ಡಿತು.

ಈ ತಂತ್ರ ನಿಜಕ್ಕೂ ಉಪಯೋಗಕ್ಕೆ ಬರುವಂಥದ್ದು. ಆದರೆ ಅದು ಕಳೆದುಹೋದ ಎಣಿಕೆಯನ್ನು ಮರಳಿ ತರುವುದಿಲ್ಲ. ಈ ಹಿಂದೆ ನೋಡಿದ ಸಾವಿರಾರು ಚಿತ್ರಗಳ ಆಧಾರದಲ್ಲಿ ಇಲ್ಲಿ ಹೀಗಿರಬಹುದು ಎಂದು ಊಹಿಸಿ ತುಂಬುತ್ತದೆ. ಆರೆಂಟು ಮಿಲಿಮೀಟರ್‌ನ ಮಂಕು ಗಂಟು ಅದರ ಕಣ್ಣಿಗೆ ಗದ್ದಲದ ಕಾಳಾಗಿ ಕಂಡರೆ ಅಳಿಸಿಹಾಕಬಹುದು. ಇಲ್ಲದ ಗಂಟನ್ನು ಬಿಡಿಸಲೂಬಹುದು. ಇಡೀ ಚಿತ್ರದ ಹೋಲಿಕೆ ಅಳೆಯುವ ಮಾಪನಗಳಲ್ಲಿ ಅಂಥ ಚಿತ್ರ ಉತ್ತಮ ಅಂಕ ಪಡೆಯುತ್ತದೆ, ಏಕೆಂದರೆ ಒಂದು ಸಣ್ಣ ಗಂಟು ಚಿತ್ರದ ಲಕ್ಷಾಂತರ ಬಿಂದುಗಳಲ್ಲಿ ನಾಲ್ಕಾರು ಬಿಂದು ಮಾತ್ರ. ರೋಗಿಯ ಹಣೆಬರಹ ಬರೆಯುವುದು ಆ ನಾಲ್ಕಾರು ಬಿಂದುಗಳೇ.

ಲಿಂಫೋಮಾದಲ್ಲಿ ಇದರ ಪರಿಣಾಮ ನೇರ. ಗಂಟಿನ ಹೊಳಪನ್ನು ಯಕೃತ್ತಿನ ಹೊಳಪಿಗೆ ಹೋಲಿಸಿ, ಒಂದರಿಂದ ಐದರವರೆಗಿನ ಡೋವಿಲ್ ಅಂಕ ಕೊಡುತ್ತಾರೆ. ಮೂರಕ್ಕೂ ನಾಲ್ಕಕ್ಕೂ ನಡುವೆ ಚಿಕಿತ್ಸೆಯ ಹಾದಿಯೇ ಕವಲೊಡೆಯುತ್ತದೆ. ಗದ್ದಲ ಹೆಚ್ಚಾದರೆ ಗಂಟಿನ ಗರಿಷ್ಠ ಹೊಳಪು ಸುಳ್ಳಾಗಿ ಏರುತ್ತದೆ, ತಂತ್ರಾಂಶ ಅತಿಯಾಗಿ ನುಣುಪುಗೊಳಿಸಿದರೆ ಸುಳ್ಳಾಗಿ ಇಳಿಯುತ್ತದೆ. ಒಂದು ಕಡೆ ಬೇಡದ ಕಿಮೋ, ಇನ್ನೊಂದು ಕಡೆ ಬೇಕಾದ ಕಿಮೋ ತಪ್ಪುವುದು. ನಮ್ಮಲ್ಲಿ ಕ್ಷಯರೋಗವೂ ಇದೆ. ಕ್ಷಯದ ಗ್ರಂಥಿಗಳು ಕ್ಯಾನ್ಸರಿನಂತೆಯೇ ಎಫ್‌ಡಿಜಿ ಹೀರಿ ಹೊಳೆಯುತ್ತವೆ. ಕ್ಷಯ ಅಪರೂಪವಾಗಿರುವ ದೇಶಗಳ ದಪ್ಪ ಮೈಯ ರೋಗಿಗಳ ಚಿತ್ರಗಳಿಂದ ಕಲಿತ ತಂತ್ರಾಂಶ, ಖಾನಾಪುರದ 45 ಕಿಲೋ ತೂಕದ ರೋಗಿಯ ಮೇಲೆ ಹೇಗೆ ವರ್ತಿಸುತ್ತದೆಂದು ಪರೀಕ್ಷಿಸದೆ ಒಪ್ಪಿಕೊಳ್ಳಬಾರದು.

ಸ್ಪಷ್ಟ ಚಿತ್ರದ ಬೆಲೆ ಎಷ್ಟೆಂಬುದಕ್ಕೂ ಗಟ್ಟಿ ಪುರಾವೆಯಿದೆ. ನಿಪ್ಪಾಣಿ ಸೀಮೆಯ ತಂಬಾಕಿನ ಈ ಜಿಲ್ಲೆಯಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್ ಯಾರಿಗೂ ಅಪರಿಚಿತವಲ್ಲ. ಬ್ರಿಟನ್ನಿನಲ್ಲಿ ತಲೆ-ಕುತ್ತಿಗೆ ಕ್ಯಾನ್ಸರಿನ 564 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಿಮೋ-ವಿಕಿರಣ ಚಿಕಿತ್ಸೆಯ ನಂತರ ಪೆಟ್-ಸಿಟಿ ನೋಡಿ ತೀರ್ಮಾನಿಸಿದ ಗುಂಪಿನಲ್ಲಿ 54 ಕುತ್ತಿಗೆ ಶಸ್ತ್ರಚಿಕಿತ್ಸೆಗಳಷ್ಟೇ ಬೇಕಾದವು. ಎಲ್ಲರಿಗೂ ಶಸ್ತ್ರಚಿಕಿತ್ಸೆ ಎಂದುಕೊಂಡ ಗುಂಪಿನಲ್ಲಿ 221 ನಡೆದವು. ಬದುಕುಳಿಯುವಿಕೆಯಲ್ಲಿ ಕೊರತೆಯಾಗಲಿಲ್ಲ. ಇಂಥ ಉಪಕಾರ ಮಾಡುವ ಚಿತ್ರವನ್ನು ಡೋಸ್ ಉಳಿಸುವ ಭರದಲ್ಲಿ ಮಸುಕುಗೊಳಿಸಿದರೆ ಕಳೆದುಕೊಳ್ಳುವುದೇ ಹೆಚ್ಚು.

ಬೆಳಗಾವಿಯಲ್ಲೇ ಆಗಬಹುದಾದ ಕೆಲಸ

ಔಷಧವನ್ನು ದೂರದಿಂದ ತರಿಸಬೇಕಾದರೆ, ಡೋಸ್ ಇಳಿಸುವುದರಲ್ಲಿ ಬೆಳಗಾವಿಯಂಥ ಊರಿಗೆ ಮಹಾನಗರಗಳಿಗಿಂತ ಹೆಚ್ಚಿನ ಲಾಭವಿದೆ. ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಅದನ್ನು ತಯಾರಿಸಲು ಸೈಕ್ಲೋಟ್ರಾನ್ ಎಂಬ ಕಣ ವೇಗವರ್ಧಕ ಯಂತ್ರ ಬೇಕು. ಬೆಂಗಳೂರಿನಿಂದ ಸುಮಾರು 500 ಕಿಲೋಮೀಟರ್ ರಸ್ತೆಯಲ್ಲಿ ಒಂಬತ್ತು ತಾಸು ಪಯಣಿಸಿದ ಸೀಸೆಯಲ್ಲಿ ಹೊರಟಾಗಿದ್ದ ವಿಕಿರಣದ ಮೂವತ್ತರಲ್ಲೊಂದು ಪಾಲು ಮಾತ್ರ ಉಳಿದಿರುತ್ತದೆ. ದೂರದಿಂದ ಬರುವ ಇಂಥ ಔಷಧದಲ್ಲಿ ಒಬ್ಬೊಬ್ಬ ರೋಗಿಗೆ ಬೇಕಾಗುವ ಪ್ರಮಾಣ ಇಳಿದರೆ ಒಂದೇ ಸೀಸೆ ಹೆಚ್ಚು ಜನರಿಗೆ ಸಾಲುತ್ತದೆ, ಖರ್ಚು ಇಳಿಯುತ್ತದೆ, ಕಾಯುವ ದಿನಗಳು ಕಡಿಮೆಯಾಗುತ್ತವೆ. ಮಳೆಗಾಲದಲ್ಲಿ ರೋಗಿಯನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ತರಬೇಕಾದ ಭೀಮಗಡ ಕಾಡಿನ ಆಮಗಾಂವ್‌ನಂಥ ಹಳ್ಳಿಗಳಿಗೆ ಒಂದು ದಿನದ ಕಾಯುವಿಕೆ ಉಳಿದರೂ ಅದು ದೊಡ್ಡ ಉಳಿತಾಯ.

ಪರೀಕ್ಷೆಗೂ ಯಾರ ಮೈಗೂ ಹೊಸ ಅಪಾಯ ಬೇಕಿಲ್ಲ. ಇಂದಿನ ಯಂತ್ರಗಳು ಪ್ರತಿಯೊಂದು ಎಣಿಕೆಯನ್ನೂ ಅದರ ಸಮಯದೊಂದಿಗೆ ದಾಖಲಿಸಬಲ್ಲವು. ಪೂರ್ಣ ಡೋಸ್‌ನ ದಾಖಲೆಯಿಂದ ನಾಲ್ಕರಲ್ಲಿ ಮೂರು ಎಣಿಕೆಗಳನ್ನು ಯಾದೃಚ್ಛಿಕವಾಗಿ ತೆಗೆದುಹಾಕಿದರೆ ಕಾಲುಭಾಗದ ಡೋಸ್‌ನ ಚಿತ್ರ ಸಿಗುತ್ತದೆ. ಎರಡನ್ನೂ ತಜ್ಞರ ಮುಂದಿಟ್ಟು, ಯಾವುದು ಯಾವುದೆಂದು ಹೇಳದೆ ಓದಿಸಿ, ಎಷ್ಟು ಗಂಟುಗಳು ತಪ್ಪಿದವು ಎಂದು ಎಣಿಸಬಹುದು. 10ರಿಂದ 37 ಮಿಲಿಮೀಟರ್‌ವರೆಗಿನ ಗೋಲಗಳಿರುವ ಪ್ರಮಾಣಿತ ಪರೀಕ್ಷಾ ಗೊಂಬೆಯಲ್ಲೂ ಇದನ್ನು ಅಳೆಯಬಹುದು. ಖಾನಾಪುರ ರಸ್ತೆಯಲ್ಲೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಊರಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ವೈದ್ಯಕೀಯ ಕಾಲೇಜುಗಳಿವೆ. ಚಿತ್ರ ಸಂಸ್ಕರಣೆ ಓದುವ ಹುಡುಗರು ಮತ್ತು ಚಿತ್ರ ಓದುವ ವೈದ್ಯರು ಒಂದೇ ಕೋಣೆಯಲ್ಲಿ ಕೂತರೆ ಈ ಕೆಲಸ ಇಲ್ಲೇ ಆಗುತ್ತದೆ.

ಬೆಳಗಾವಿಗೆ ಇದು ಹೊಸತೂ ಅಲ್ಲ. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಮಿಸೊಪ್ರೊಸ್ಟಾಲ್ ಮಾತ್ರೆಯ ಪರೀಕ್ಷೆ ನಡೆದದ್ದು ಈ ಜಿಲ್ಲೆಯ ಹಳ್ಳಿಗಳಲ್ಲಿ, ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಮತ್ತು ಊರಿನ ಆರೋಗ್ಯ ಸಹಾಯಕಿಯರ ಕೈಯಲ್ಲಿ. 1,620 ತಾಯಂದಿರ ಆ ಅಧ್ಯಯನದಲ್ಲಿ ರಕ್ತಸ್ರಾವ 12%ರಿಂದ 6.4%ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಅದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಉಪಯೋಗಕ್ಕಾಗಿ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ತನ್ನ ಹಳ್ಳಿಗಳಲ್ಲಿ ಜಗತ್ತಿಗೆ ಬೇಕಾದ ಪುರಾವೆ ಕಟ್ಟಿಕೊಟ್ಟ ಊರು, ತನ್ನ ರೋಗಿಗಳಿಗೆ ಬೇಕಾದ ಪುರಾವೆಗಾಗಿ ಬೇರೆಯವರ ದಾರಿ ಕಾಯಬೇಕಿಲ್ಲ.

ಈಗ ಆಗಬೇಕಾದದ್ದು

ವೈದ್ಯರು ಮೊದಲು ಕೇಳಿಕೊಳ್ಳಬೇಕಾದದ್ದು ಸ್ಕ್ಯಾನ್ ಬೇಕೇ ಎಂಬುದು. ಲಿಂಫೋಮಾ ಪೂರ್ಣ ಗುಣವಾದ ಮೇಲೆ, ಲಕ್ಷಣಗಳಿಲ್ಲದಿರುವಾಗ, ರೂಢಿಗಾಗಿ ಪೆಟ್ ಸ್ಕ್ಯಾನ್ ಮಾಡಿಸುತ್ತ ಹೋಗುವುದನ್ನು ಲಿಂಫೋಮಾ ತಜ್ಞರ 2014ರ ಲುಗಾನೊ ಶಿಫಾರಸು ಪ್ರೋತ್ಸಾಹಿಸುವುದಿಲ್ಲ. ಆರೋಗ್ಯವಂತರ ತಪಾಸಣೆಗೆ ಪೆಟ್-ಸಿಟಿ ಬೇಡವೆಂದು ಅಮೆರಿಕದ ನ್ಯೂಕ್ಲಿಯರ್ ಮೆಡಿಸಿನ್ ಸಂಘವೇ ಹೇಳಿದೆ. ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ಅದನ್ನು ಮಾರುವುದು ನಿಲ್ಲಬೇಕು. ಸ್ಕ್ಯಾನ್ ಬೇಕೇ ಆದರೆ, ಜೊತೆಗಿನ ಸಿಟಿ ಸ್ಥಾನ ಗುರುತಿಸಲು ಸಾಕಾಗುವಷ್ಟು ಕಡಿಮೆ ಡೋಸ್‌ನದಾಗಿರಲಿ. ಈಚೆಗೆ ಪೂರ್ಣ ಸಿಟಿ ಆಗಿದ್ದರೆ ಮತ್ತೊಂದು ಬೇಡ.

ಕೇಂದ್ರಗಳು ರೋಗಿಯನ್ನು ತೂಗಿಯೇ ಡೋಸ್ ತುಂಬಲಿ. ಕೊನೆಯ ಪಾಳಿಯ ರೋಗಿಗೆ ಔಷಧ ಕ್ಷೀಣಿಸಿದ್ದರೆ ನಿಮಿಷ ಹೆಚ್ಚಿಸಲಿ. ತಂತ್ರಾಂಶ ಬಳಸಿದ್ದರೆ ವರದಿಯಲ್ಲಿ ಹೇಳಲಿ, ತಿದ್ದದ ಮೂಲ ಚಿತ್ರವನ್ನೂ ಉಳಿಸಲಿ.

ರೋಗಿಗಳು ಮತ್ತು ಮನೆಯವರು ಮಾಡಬಹುದಾದದ್ದೂ ಇದೆ. ಆರು ತಾಸು ಏನೂ ತಿನ್ನದೆ, ನೀರು ಮಾತ್ರ ಕುಡಿದು ಹೋಗಿ. ಸಕ್ಕರೆ ಕಾಯಿಲೆಯಿದ್ದರೆ ಮೊದಲೇ ತಿಳಿಸಿ. ರಕ್ತದ ಸಕ್ಕರೆ ಏರಿದ್ದರೆ ಚಿತ್ರ ಕೆಟ್ಟು ಮತ್ತೆ ಬರಬೇಕಾದೀತು. ಮಳೆ-ಚಳಿಯಲ್ಲಿ ಬೆಚ್ಚಗಿನ ಬಟ್ಟೆ ಹೊದ್ದಿರಿ, ಏಕೆಂದರೆ ಮೈಗೆ ಚಳಿಯಾದರೆ ಕುತ್ತಿಗೆಯ ಕಂದು ಕೊಬ್ಬು ಔಷಧ ಹೀರಿ ಗಂಟಿನಂತೆ ಹೊಳೆಯಬಹುದು. ಸ್ಕ್ಯಾನಿನ ನಂತರ ನೀರು ಹೆಚ್ಚು ಕುಡಿದು ಮೇಲಿಂದ ಮೇಲೆ ಮೂತ್ರ ಮಾಡಿ. ಎಫ್‌ಡಿಜಿಯ ವಿಕಿರಣ ಹೆಚ್ಚು ತಟ್ಟುವ ಅಂಗಗಳಲ್ಲಿ ಮೂತ್ರಕೋಶ ಮುಂದಿದೆ. ಆ ದಿನ ಗರ್ಭಿಣಿಯರು ಮತ್ತು ಎಳೆಯ ಮಕ್ಕಳಿಂದ ಕೆಲವು ತಾಸು ದೂರವಿರಿ. ಹಳೆಯ ಸ್ಕ್ಯಾನಿನ ವರದಿ ಮತ್ತು ಸಿ.ಡಿ.ಗಳನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿಡಿ.

ಸರ್ಕಾರ ಮತ್ತು ನಿಯಂತ್ರಣ ಮಂಡಳಿ ಮಾಡಬೇಕಾದದ್ದು ಎಲ್ಲಕ್ಕಿಂತ ತುರ್ತಿನದು. ಪ್ರತಿ ಪೆಟ್-ಸಿಟಿ ವರದಿಯಲ್ಲಿ ರೋಗಿಯ ತೂಕ, ಚುಚ್ಚಿದ ಮೆಗಾಬೆಕೆರೆಲ್ ಮತ್ತು ಸಿಟಿಯ ಡೋಸ್, ಈ ಮೂರು ಅಂಕೆ ಕಡ್ಡಾಯವಾಗಲಿ. ಅವು ರೋಗಿಯ ಆಯುಷ್ಮಾನ್ ಭಾರತ್ ಆರೋಗ್ಯ ಖಾತೆಗೆ ಸೇರಲಿ, ಹುಬ್ಬಳ್ಳಿಗೆ ಹೋದರೂ ಗೋವೆಗೆ ಹೋದರೂ ಅವರ ಜೊತೆಗೇ ಹೋಗಲಿ. ಊರೂರಿನ ಕೇಂದ್ರಗಳು ತಮ್ಮ ಸರಾಸರಿಯನ್ನು ಒಂದಕ್ಕೊಂದು ಹೋಲಿಸಿ ನೋಡಲಿ.

ವಿಕಿರಣದ ಹಾನಿ ಮೂವತ್ತು ವರ್ಷ ಕಾಯಬಲ್ಲದು, ದಾಖಲೆ ಕಾಯುವುದಿಲ್ಲ. ಈ ವರ್ಷ ಸ್ಕ್ಯಾನ್ ಆದ ಹತ್ತರ ಮಗುವಿಗೆ ಎಷ್ಟು ವಿಕಿರಣ ಕೊಟ್ಟೆವೆಂದು ಆ ಮಗುವಿಗೆ ನಲವತ್ತಾದಾಗ ಯಾರಾದರೂ ಕೇಳಿದರೆ, ಇಂದು ಬರೆದಿಡದ ಅಂಕೆಯನ್ನು ಅಂದು ಯಾವ ಯಂತ್ರವೂ ಹುಡುಕಿ ಕೊಡಲಾರದು. ಗೊತ್ತಿರುವ ಲೆಕ್ಕದಿಂದ ಡೋಸ್ ಇಳಿಸುವುದು, ಪರೀಕ್ಷಿಸಿದ ಮೇಲಷ್ಟೇ ಇನ್ನೂ ಕೆಳಗಿಳಿಯುವುದು, ಕೊಟ್ಟದ್ದನ್ನು ಬರೆದಿಡುವುದು: ಮೂರೂ ಈ ವರ್ಷವೇ ಶುರುವಾಗಬಹುದಾದ ಕೆಲಸಗಳು. ಇವನ್ನು ಮುಂದಕ್ಕೆ ಹಾಕಲು ನನಗೆ ಒಂದು ಕಾರಣವೂ ಕಾಣುವುದಿಲ್ಲ.